ಬರೀ ಹುಕ್ಕು ಹಾಕೋದು ಬಾಕಿ

ಆರು ತಿಂಗಳು ಸಮಯವಿದ್ದರೂ ನಾನು ಫ್ರೆಂಚ್ ಕಲಿಯಲಿಲ್ಲ. ಕಲಿಯುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದೆ. ಕಲಿಯುತ್ತಿದ್ದೇನೆ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಹೇಳಿದೆ. ಕಲಿತದ್ದಾಯಿತು ಎಂದು ಹೇಳಿ ವಿಮಾನ ಹತ್ತಿದೆ. ಆ ಹೊತ್ತಿಗೆ ನಾನು ಮುಗಿಸಿದ್ದು ನಾಲ್ಕು ಪಾಠ.

ಫ್ರಾನ್ಸಿಗೆ ಹೋಗಿ ಬಂದೆ ಅಂದಕೂಡಲೇ ಅಂಗಡಿಗೆ ಬರುವವರೆಲ್ಲ ಆ ಕಬ್ಬಿಣದ ಗೋಪುರ ನೋಡಿದಿರಾ ಎಂದು ಕೇಳುತ್ತಾರೆ. ನೋಡಲಿಲ್ಲ. ನಾನಿದ್ದದ್ದು ಲಿಯೋನ್ ಎಂಬ ನಗರದಿಂದ ಒಂದು ಗಂಟೆ ದೂರದಲ್ಲಿ, ದ್ರಾಕ್ಷಿ ತೋಟಗಳ ನಡುವಿನ ಸಣ್ಣ ಊರಿನಲ್ಲಿ. ಅಲ್ಲಿ ನೋಡಿದ್ದಕ್ಕಿಂತ ಅಲ್ಲಿ ಹೇಳಬೇಕಾಗಿದ್ದ ಮಾತೇ ನನಗೆ ದೊಡ್ಡದಾಗಿತ್ತು. ಅದನ್ನೇ ಬರೆಯುತ್ತೇನೆ.

ಜರಗನಹಳ್ಳಿ, ಹೊರಡುವ ಮೊದಲು

ನನ್ನ ಹೆಸರು ಸರೋಜ. ಜರಗನಹಳ್ಳಿಯಲ್ಲಿ ನಮ್ಮ ಮನೆಯ ಕೆಳಗಡೆ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಅಂಗಡಿ ಇರುವ ಜಾಗದಲ್ಲಿ ಒಂದು ಕಾಲಕ್ಕೆ ನಮ್ಮಪ್ಪ ರಾಗಿ ಬೆಳೆಯುತ್ತಿದ್ದರು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಮ್ಮ ತೀರಿಕೊಂಡಾಗ ತಂಗಿ ಲತಾಗೆ ಎರಡು ವರ್ಷ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡ ಮೇಲೆ ಕೈಯಲ್ಲಿ ಪುಸ್ತಕಕ್ಕೆ ಜಾಗ ಉಳಿಯಲಿಲ್ಲ.

ಲತಾ ಚೆನ್ನಾಗಿ ಓದಿದಳು. ದ್ರಾಕ್ಷಿ ಬಳ್ಳಿಗೆ ಬರುವ ರೋಗಗಳ ಬಗ್ಗೆ ಓದಲು ಫ್ರಾನ್ಸಿಗೆ ಹೋದಳು, ಅಲ್ಲೇ ಕೆಲಸ ಹಿಡಿದಳು, ಅಲ್ಲೇ ಲೂಕ್ ಎಂಬ ಲೆಕ್ಕದ ಮೇಷ್ಟ್ರನ್ನು ಮೆಚ್ಚಿದಳು. ಒಂಬತ್ತು ವರ್ಷದ ಹಿಂದೆ ಅವರ ಮದುವೆ ಆ ಊರಿನ ಪುರಸಭೆಯಲ್ಲಿ ನಡೆಯಿತು. ಅಪ್ಪ ಒಪ್ಪಲಿಲ್ಲ. ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ. ಅಪ್ಪ ಈಗಿಲ್ಲ.

ನಮ್ಮಲ್ಲಿ ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುವುದು ಅಂತ ಇದೆಯಲ್ಲ, ಹುಡುಗಿಯ ಕೈಯನ್ನು ಅತ್ತೆಯ ಕೈಯಲ್ಲಿಟ್ಟು, "ನಮ್ಮ ಮನೇಲಿ ಮುದ್ದಾಗಿ ಬೆಳೆದ ಮಗು, ತಪ್ಪು ಮಾಡಿದ್ರೆ ತಿದ್ಕೊಳ್ಳಿ, ಇನ್ಮೇಲೆ ನಿಮ್ಮ ಮಗಳು" ಎಂದು ಹೇಳುವುದು. ಹೇಳುವವರೂ ಅಳುತ್ತಾರೆ, ಕೇಳುವವರೂ ಅಳುತ್ತಾರೆ, ಫೋಟೋದವನು ಮಾತ್ರ "ಸ್ವಲ್ಪ ಈ ಕಡೆ ನೋಡಿ" ಅನ್ನುತ್ತಾನೆ. ಲತಾಳನ್ನು ಹಾಗೆ ಯಾರೂ ಒಪ್ಪಿಸಲಿಲ್ಲ.

ಹೋದ ವರ್ಷ ಅವಳು ಫೋನ್ ಮಾಡಿ ಹೇಳಿದಳು: "ಅಕ್ಕ, ನಮ್ಮತ್ತೆಗೆ ಎಂಬತ್ತು ತುಂಬುತ್ತೆ. ನಿಮ್ಮ ಮನೆಯವರಿಗೆ ನಾವು ಇಷ್ಟ ಇಲ್ವಾ ಅಂತ ಈಗ್ಲೂ ಕೇಳ್ತಾರೆ. ನೀನು ಬಾ. ಎಲ್ರೂ ಊಟಕ್ಕೆ ಸೇರಿದಾಗ ಆ ಒಪ್ಪಿಸೋ ಮಾತು ಹೇಳು. ನಾನು ಅನುವಾದ ಮಾಡಿದ್ರೆ ಅದು ನನ್ನ ಮಾತಾಗುತ್ತೆ. ಅವರ ಭಾಷೇಲಿ ನಿನ್ನ ಬಾಯಿಂದ ಬರ್ಬೇಕು. ನಾಲ್ಕೇ ನಾಲ್ಕು ಸಾಲು. ಆರು ತಿಂಗಳಿದೆ, ದಿನಾ ಸ್ವಲ್ಪ ಕಲ್ತರೆ ಸಾಕು."

"ಅದೇನು ಮಹಾ," ಅಂದೆ.

ಕೋರ್ಸ್ ಹುಡುಕಲು ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಭಾಗ್ಯಶ್ರೀಯನ್ನು ಕೇಳಿದೆ. ಗದಗಿನವಳು, ಬಿಟಿಎಂ ಲೇಔಟಿನ ಆಫೀಸೊಂದರಲ್ಲಿ ಕೆಲಸ. ಜಯನಗರದಲ್ಲಿ ತರಗತಿ ಇದೆ ಎಂದು ವಿಚಾರಿಸಿ ಬಂದಳು, ಆದರೆ ಅಲ್ಲಿ ಎಲ್ಲ ಇಂಗ್ಲಿಷಿನಲ್ಲಿ ಕಲಿಸುತ್ತಾರೆ, ಕೂತವರೆಲ್ಲ ಕಾಲೇಜು ಹುಡುಗರು. ನಾನು ಬೇಡ ಅಂದೆ. ಉಳಿದದ್ದು ಮೂರು. ಒಂದು, ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ದಪ್ಪ ಪುಸ್ತಕ. ಎರಡು, ಕಿವಿಗೆ ಹಾಕಿಕೊಂಡು ದಿನಕ್ಕೆ ಹತ್ತು ನಿಮಿಷ ಕೇಳುವ ಪಾಠ: ಒಂದು ಹೆಂಗಸು ಒಂದು ಮಾತು ಹೇಳಿ, ನಾವು ಹೇಳುವ ತನಕ ಸುಮ್ಮನಿದ್ದು, ಆಮೇಲೆ ಮುಂದೆ ಹೋಗುತ್ತಾಳೆ. ಮೂರು, ಫೋನಿನ ಆ್ಯಪು. ಸಂಜೆ ಏಳಕ್ಕೆ ಗಂಟೆ ಹೊಡೆದು ಕರೆಯುತ್ತದೆ, ಮೂವತ್ತು ದಿನಕ್ಕೆ ಮುಗಿಯುತ್ತದೆ.

"ಅಕ್ಕಾರ, ದಿನಕ್ಕ ಎಷ್ಟ್ ಹೊತ್ತು ಕೊಡ್ತೀರಿ, ಮೊದ್ಲು ಅದನ್ನ ಹೇಳ್ರಿ," ಅಂದಳು ಭಾಗ್ಯಶ್ರೀ.

"ಒಂದು ಗಂಟೆ ಕೊಡ್ತೀನಿ."

"ಸುಳ್ಳ್ ಹೇಳಬ್ಯಾಡ್ರಿ. ನಿಮ್ಮ ಮಷಿನ್ ಸಪ್ಪಳ ನನಗ ಮ್ಯಾಲ ಕೇಳಸ್ತೈತಿ. ಹತ್ತ್ ನಿಮಿಷದ್ದು ತಗೋರಿ. ಕಿವ್ಯಾಗ ಹಾಕ್ಕೊಂಡು ಹೊಲೀರಿ. ಆರ್ ತಿಂಗಳಾಗ ಚಂದಂಗ ಬರ್ತೈತಿ."

ಹತ್ತು ನಿಮಿಷ ಅಂದದ್ದು ನನಗೆ ಅವಮಾನವಾಯಿತು. ದೀಪಾವಳಿಯ ವಾರದಲ್ಲಿ ದಿನಕ್ಕೆ ಹನ್ನೆರಡು ಬ್ಲೌಸ್ ಹೊಲಿಯುವ ಕೈ ನನ್ನದು. ಮೂವತ್ತು ದಿನದ್ದನ್ನೇ ಹಾಕಿಸಿಕೊಂಡೆ. ಅದರಲ್ಲೂ ನಿಧಾನ, ಸಾಧಾರಣ, ಚುರುಕು ಎಂದು ಮೂರು ಗತಿ ಇತ್ತು. ಚುರುಕನ್ನು ಒತ್ತಿದೆ.

ಮೊದಲ ಪಾಠ ನಮಸ್ಕಾರ. ಎರಡನೆಯದು ನಾನು ಯಾರು. ಮೂರನೆಯದು ನನ್ನ ಮನೆಯವರು. ಆ ಮೂರನೆಯ ಪಾಠದಲ್ಲಿ "ನನಗೆ ಒಬ್ಬಳು ತಂಗಿ ಇದ್ದಾಳೆ" ಎಂದು ಹೇಳಬೇಕಿತ್ತು. ನಾನು ಹೇಳುವುದು, ಆ್ಯಪು ಸರಿಯಿಲ್ಲ ಅನ್ನುವುದು. ಮತ್ತೆ ಹೇಳುವುದು, ಮತ್ತೆ ಸರಿಯಿಲ್ಲ ಅನ್ನುವುದು. ಎಂಟನೇ ಸಲಕ್ಕೆ ಸಿಟ್ಟು ಬಂದು ಫೋನನ್ನು ಬಟ್ಟೆ ರಾಶಿಯ ಕೆಳಗೆ ತಳ್ಳಿದೆ. ನಾಲ್ಕನೆಯ ಪಾಠ, ಹೋಟೆಲಿನಲ್ಲಿ ನೀರು ಕೇಳುವುದು. ಆಮೇಲೆ ಮದುವೆ ಸೀಸನ್ ಬಂತು. ಚುರುಕು ಗತಿಯಲ್ಲಿ ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ ಪಾಠ, ವಾರ ತಪ್ಪಿದರೆ ಬೆಟ್ಟ. ಸಂಜೆ ಏಳಕ್ಕೆ ಗಂಟೆ ಮಾತ್ರ ತಪ್ಪದೆ ಹೊಡೆಯುತ್ತಿತ್ತು. ಬಂದವರು ಏನದು ಎಂದು ಕೇಳಿದರೆ, ಕುಕ್ಕರ್ ಇಟ್ಟಿದ್ದೀನಿ, ಅದಕ್ಕೆ ಅಲಾರಂ ಅನ್ನುತ್ತಿದ್ದೆ.

ಹೊಲಿಯುವವರಿಗೆಲ್ಲ ಒಂದು ಚಾಳಿ ಇದೆ. ಬಟ್ಟೆಗೆ ಕತ್ತರಿಯನ್ನೇ ಇಟ್ಟಿರುವುದಿಲ್ಲ. ಗಿರಾಕಿ ಬಂದು ನಿಂತರೆ, "ಆಗೋಯ್ತು ಮೇಡಂ, ಬರೀ ಹುಕ್ಕು ಹಾಕೋದು ಬಾಕಿ, ನಾಳೆ ಬನ್ನಿ" ಅನ್ನುತ್ತೇವೆ. ಅದು ಸುಳ್ಳು ಎಂದು ನಮಗೂ ಗೊತ್ತು, ಅವರಿಗೂ ಗೊತ್ತು. ಹೇಗೋ ನಡೆಯುತ್ತದೆ, ಯಾಕೆಂದರೆ ಬ್ಲೌಸನ್ನು ಕೊನೆಗೆ ರಾತ್ರೋರಾತ್ರಿ ಹೊಲಿದು ಕೊಡಬಹುದು. ಭಾಷೆ ಹಾಗಲ್ಲ.

"ಎಷ್ಟಾಯ್ತಕ್ಕ ಪಾಠ?" ಎಂದು ಲತಾ ಕೇಳಿದಾಗಲೆಲ್ಲ ಅದೇ ಬಾಯಿಗೆ ಬಂತು. "ಆಗೋಯ್ತು ಕಣೆ, ಬರೀ ಹುಕ್ಕು ಹಾಕೋದು ಬಾಕಿ." ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಂದು ಸಲ "ಎಲ್ಲಿ, ಏನಾದ್ರೂ ಹೇಳು" ಅಂದಳು. ಭಾಗ್ಯಶ್ರೀ ಪುಸ್ತಕ ನೋಡಿ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಮೂರು ಸಾಲು ಫ್ರೆಂಚಿನ ಚೀಟಿಯನ್ನು ಫೋನಿನ ಹಿಂದೆ ಹಿಡಿದು ಓದಿದೆ. ನನ್ನ ತಂಗಿ ಪರದೆಯ ಆ ಕಡೆ ಕಣ್ಣೊರೆಸಿಕೊಂಡಳು. ಅವತ್ತೇ ಹೇಳಿಬಿಡಬೇಕಿತ್ತು.

ವಿಮಾನ

ನಮ್ಮೆಜಮಾನರು ಬನಶಂಕರಿಯಿಂದ ಏರ್‌ಪೋರ್ಟ್ ಬಸ್ಸಿಗೆ ಹತ್ತಿಸಿ, "ಹುಷಾರು, ಅಲ್ಲಿ ಯಾರಿಗೂ ನಾಳೆ ಬನ್ನಿ ಅನ್ಬೇಡ" ಎಂದು ತಮಾಷೆ ಮಾಡಿ ಕಳಿಸಿದರು.

ವಿಮಾನದ ಹುಡುಗಿ ಫ್ರಾನ್ಸಿನವಳು. ನನಗೆ ಬರುವ ಒಂದೇ ಒಂದು ಉಪಯೋಗದ ವಾಕ್ಯ ನೀರು ಕೇಳುವುದು. ಎರಡು ಗಂಟೆ ಬಾಯಲ್ಲೇ ಉರುಹೊಡೆದು ಕೇಳಿದೆ. ಅವಳ ಮುಖ ಅರಳಿತು. ಅರಳಿದ್ದೇ ತಪ್ಪಾಯಿತು, ನನಗೆ ಭಾಷೆ ಬರುತ್ತದೆ ಎಂದುಕೊಂಡು ತಿರುಗಿ ಏನೋ ಕೇಳಿದಳು. ನಾಲ್ಕನೆಯ ಪಾಠದಲ್ಲಿ ಅವರು ತಿರುಗಿ ಕೇಳುವುದು ಇರಲಿಲ್ಲ. ತಲೆಯಾಡಿಸಿದೆ. ಬಂದದ್ದು ಸೋಡಾದಂತೆ ಬುಸುಗುಡುವ ನೀರು. ಸಕ್ಕರೆಯೂ ಇಲ್ಲ, ನಿಂಬೆಯೂ ಇಲ್ಲ. ಹುಡುಗಿ ನೋಡುತ್ತಿದ್ದಳಲ್ಲ, ಪೂರ್ತಿ ಕುಡಿದೆ.

ಸೂಟ್‌ಕೇಸಿನಲ್ಲಿ ಚಕ್ಕುಲಿ, ಕೋಡುಬಳೆ, ಮೊನೀಕ್ ಅವರಿಗೊಂದು ಇಳಕಲ್ ಸೀರೆ ಇದ್ದವು. ಮೊನೀಕ್ ಅಂದರೆ ಲತಾಳ ಅತ್ತೆ. ಎಲ್ಲದರ ತಳದಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಒಂದು ತುಂಡು ರೇಷ್ಮೆ ಇತ್ತು. ಫ್ರೆಂಚಿನ ಸುಳ್ಳು ಅದರ ಮುಂದೆ ಏನೂ ಅಲ್ಲ.

ಅಮ್ಮನ ಮದುವೆಯ ಅರಿಶಿನ ಬಣ್ಣದ ಸೀರೆಯನ್ನು ಲತಾ ಓದಲು ಹೋಗುವಾಗಲೇ ಕೊಟ್ಟು ಕಳಿಸಿದ್ದೆ. ಅದರ ಬ್ಲೌಸಿನ ಬಟ್ಟೆ ನನ್ನ ಬಳಿ ಉಳಿದಿತ್ತು. ಮದುವೆ ಗೊತ್ತಾದಾಗ ಅವಳು ಕೇಳಿದ್ದು ಅದೊಂದೇ: "ಅಕ್ಕ, ನೀವ್ಯಾರೂ ಬರ್ದಿದ್ರೂ ಪರ್ವಾಗಿಲ್ಲ. ಆ ಬ್ಲೌಸ್ ಹೊಲಿದು ಕಳಿಸು. ನಿನ್ನ ಕೈದು ಮೈಮೇಲಿದ್ರೆ ಸಾಕು." ಅಳತೆ ಬ್ಲೌಸು ಮನೆಯಲ್ಲೇ ಇತ್ತು. ನನಗೆ ಅದು ಎರಡು ಗಂಟೆಯ ಕೆಲಸ. ಅಪ್ಪ ಮಾತ್ರ, "ಆ ಮದ್ವೆಗೆ ಈ ಮನೆಯಿಂದ ಒಂದು ದಾರನೂ ಹೋಗ್ಬಾರ್ದು" ಅಂದಿದ್ದರು. ನಾನು ಅವಳಿಗೆ ಹುಕ್ಕು ಹಾಕೋದು ಬಾಕಿ ಅಂದೆ. ಆಮೇಲೆ ಕಳಿಸಿದೆ ಅಂದೆ. ಆಮೇಲೆ ಕೊರಿಯರ್‌ನವರು ಕಳೆದುಹಾಕಿದರಂತೆ ಅಂದೆ.

ಅಪ್ಪನ ಹೆಸರು ಹೇಳಿ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅಪ್ಪ ನನ್ನ ಮೆಷಿನ್ ಮುಂದೆ ಕಾವಲು ಕೂತಿರಲಿಲ್ಲ. ಸಿಟ್ಟು ನನ್ನದೂ ಇತ್ತು. ನಾನು ಹೊತ್ತು ಬೆಳೆಸಿದವಳು ನನ್ನನ್ನು ಕೇಳದೆ ಅಷ್ಟು ದೂರ ಹೋಗಿ, ಅಲ್ಲೇ ಉಳಿದುಬಿಟ್ಟಳಲ್ಲ ಎಂಬ ಸಿಟ್ಟು. ಮದುವೆಯ ಫೋಟೋದಲ್ಲಿ ಲತಾ ಅಮ್ಮನ ರೇಷ್ಮೆ ಸೀರೆಗೆ ಬ್ಲೌಸಿನ ಬದಲು ಒಂದು ಬಿಳಿ ಶರಟು ಹಾಕಿಕೊಂಡಿದ್ದಾಳೆ. ಗಂಡಸರ ಶರಟಿನ ಹಾಗೆ ಕಾಲರ್ ಇದೆ. ಆ ಫೋಟೋವನ್ನು ನಾನು ಅಲ್ಲಿಯವರೆಗೆ ಒಂದೇ ಸಲ ನೋಡಿದ್ದು.

ಗುರುವಾರ, ಬ್ರೆಡ್ಡಿನ ಅಂಗಡಿ

ಅಲ್ಲಿ ಬ್ರೆಡ್ ಅಂದರೆ ನಮ್ಮ ಮುದ್ದೆ ಇದ್ದಂತೆ, ಅದಿಲ್ಲದೆ ಊಟವಿಲ್ಲ. ಅದನ್ನು ತಟ್ಟೆಯಲ್ಲಿ ಇಡುವುದಿಲ್ಲ, ಮೇಜಿನ ಬಟ್ಟೆಯ ಮೇಲೆ ಹಾಗೇ ಇಡುತ್ತಾರೆ. ಮೊದಲ ದಿನ ಎರಡು ಸಲ ನನ್ನದನ್ನು ಎತ್ತಿ ತಟ್ಟೆಗೆ ಹಾಕಿಕೊಂಡೆ. ಲೂಕ್ ಎರಡು ಸಲವೂ ನೋಡಿ, ಮೂರನೆಯ ಸಲ ತಾನೂ ತಟ್ಟೆಗೆ ಹಾಕಿಕೊಂಡ. ಒಳ್ಳೆಯ ಹುಡುಗ. ಹುಡುಗ ಅಂದರೆ ನಲವತ್ತೈದು ವರ್ಷ.

ಬೆಳಿಗ್ಗೆ ಲತಾ ಚೀಲ ಕೊಟ್ಟು, "ಅಕ್ಕ, ನಿಂಗೀಗ ಭಾಷೆ ಬರುತ್ತಲ್ಲ, ಮೂಲೆ ಅಂಗಡಿಯಿಂದ ಎರಡು ಬ್ರೆಡ್ ತಗೊಂಡ್ ಬಾ" ಅಂದಳು. ಹೋಗದೆ ವಿಧಿಯಿಲ್ಲ.

ನಮ್ಮಲ್ಲಿ ಅಂಗಡಿಗೆ ಹೋದರೆ ನಾಲ್ಕು ಜನರ ಭುಜದ ಮಧ್ಯೆ ಕೈ ತೂರಿಸಿ "ಅಣ್ಣ, ಅರ್ಧ ಕೆಜಿ" ಎಂದು ಕೂಗಬೇಕು. ಕೂಗದವನಿಗೆ ಸಂಜೆಯಾದರೂ ಸಿಗುವುದಿಲ್ಲ. ಅಲ್ಲಿ ನಾನೊಬ್ಬಳೇ ಗಿರಾಕಿ. ಒಳಗೆ ಹೋದವಳೇ ಬ್ರೆಡ್ಡಿನ ಕಡೆ ಬೆರಳು ಮಾಡಿದೆ. ಅಂಗಡಿಯಾಕೆ ನನ್ನನ್ನೇ ನೋಡಿ "ಬೊಂಜೂರ್" ಅಂದಳು. ನಾನು ಎರಡು ಬೆರಳು ತೋರಿಸಿದೆ. ಆಕೆ ಇನ್ನೂ ಗಟ್ಟಿಯಾಗಿ "ಬೊಂಜೂರ್" ಅಂದಳು. ಕಿವಿ ಕೇಳುವುದಿಲ್ಲವೇನೋ ಎಂದುಕೊಂಡು ಬೆರಳನ್ನು ಇನ್ನೂ ಮುಂದೆ ಚಾಚಿದೆ. ಆಕೆ ಕೈಕಟ್ಟಿ ನಿಂತಳು. ಆಗ ಹೊಳೆಯಿತು. ಮೊದಲು ನಮಸ್ಕಾರ, ಆಮೇಲೆ ವ್ಯಾಪಾರ. ಮೊದಲ ಪಾಠವೇ ಅದು, ನಾನು ಅದನ್ನು ಪಾಸು ಬೇರೆ ಮಾಡಿದ್ದೆ! "ಬೊಂಜೂರ್" ಅಂದೆ. ಆಕೆ ಮುಖವೆಲ್ಲ ನಗೆಯಾಗಿ, ಒಂದು ಗಜ ಉದ್ದದ ಎರಡು ಬ್ರೆಡ್ಡಿನ ನಡುವಿಗೆ ಮಾತ್ರ ಕಾಗದ ಸುತ್ತಿ ಕೊಟ್ಟಳು. ಬಟ್ಟೆ ಥಾನಿನ ಹಾಗೆ ಕಂಕುಳಲ್ಲಿಟ್ಟುಕೊಂಡು ಬಂದೆ.

"ಮಾತಾಡಿದ್ಯಾ?" ಲತಾ ಕೇಳಿದಳು.

"ಮಾತಾಡ್ದೆ."

ಅವಳು ಒಳಗೆ ಹೋಗಿ ಲೂಕನಿಗೆ ಅದನ್ನು ಹೇಳುವುದು ಕೇಳಿಸಿತು. ಮಾತು ತಿಳಿಯದಿದ್ದರೂ ಅವಳ ದನಿಯ ಹೆಮ್ಮೆ ತಿಳಿಯಿತು. ಅವತ್ತಿಡೀ ಲೂಕ್ ನನ್ನೊಂದಿಗೆ ನಿಧಾನವಾಗಿ ಫ್ರೆಂಚಿನಲ್ಲಿ ಮಾತಾಡಿದ. ನಾನು ಎಲ್ಲದಕ್ಕೂ "ಮೆರ್ಸಿ" ಅಂದೆ. ಮಳೆ ಬರುತ್ತದೆಯೇ ಅಂದಿದ್ದರೂ ನಾನು ವಂದನೆಯನ್ನೇ ಹೇಳಿದ್ದೇನೆ. ಕೊನೆಗೆ ಲತಾಳೇ ನನ್ನ ಪರವಾಗಿ ಅವನಿಗೆ ಏನೋ ಸಮಜಾಯಿಷಿ ಹೇಳಿ, ನನ್ನ ಕಡೆ ತಿರುಗಿ, "ನಿಂಗೆ ನಾಚ್ಕೆ ಅಂತ ಹೇಳ್ದೆ. ಭಾನುವಾರ ನೋಡು ಅಂದೆ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶುಕ್ರವಾರ, ಮೊನೀಕಮ್ಮನ ಮನೆ

ಮೊನೀಕ್ ಅವರು ಎರಡು ಬೀದಿ ಆಚೆ ಒಬ್ಬರೇ ಇದ್ದಾರೆ. ಎಂಬತ್ತು ವರ್ಷದವರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ, ಮೊನೀಕಮ್ಮ ಅಂದೆ. ಅವರಿಗೆ ಅದು ಇಷ್ಟವಾಗಿ, ಮನೆಗೆ ಬಂದ ಅಂಚೆಯವನ ಮುಂದೆಯೂ ಎದೆಮುಟ್ಟಿ "ಮೊನೀಕಮ್ಮಾ" ಎಂದು ಹೇಳಿ ತೋರಿಸಿದರು. ಭೇಟಿಯಾದಾಗ ಅಲ್ಲಿಯವರು ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ, ಎರಡು ಸಲ. ನಾನು ಒಂದಕ್ಕೇ ನಿಲ್ಲಿಸಿ ಬಗ್ಗಿ ಕಾಲು ಮುಟ್ಟಲು ಹೋದೆ. ಅವರು ಎರಡನೆಯದಕ್ಕೆ ಮುಂದೆ ಬಂದರು. ನನ್ನ ತಲೆ ಅವರ ಗಲ್ಲಕ್ಕೆ ಬಡಿಯಿತು. ಇಬ್ಬರೂ ಹಣೆ ಗಲ್ಲ ಉಜ್ಜಿಕೊಂಡು ನಕ್ಕೆವು.

ಲತಾ ನನ್ನನ್ನು ಬಿಟ್ಟು ಕೆಲಸಕ್ಕೆ ಹೋದಳು. ಕಿಟಕಿಯ ಹತ್ತಿರ ಒಂದು ಹೊಲಿಗೆ ಮೆಷಿನ್. ಕಪ್ಪು ಮೈಯ ಮೇಲೆ ಚಿನ್ನದ ಹೂಬಳ್ಳಿ, ಕಾಲಲ್ಲಿ ತುಳಿಯುವುದು. ಪಕ್ಕದಲ್ಲಿ ಬಿಸ್ಕತ್ ಡಬ್ಬಿ. ಡಬ್ಬಿ ತೆರೆಯುವ ಮೊದಲೇ ಅದರಲ್ಲಿ ಗುಂಡಿಗಳಿರುತ್ತವೆ ಎಂದು ನನಗೆ ಗೊತ್ತಿತ್ತು. ಬಿಸ್ಕತ್ ಡಬ್ಬಿಯಲ್ಲಿ ಯಾವ ದೇಶದಲ್ಲೂ ಬಿಸ್ಕತ್ ಇರುವುದಿಲ್ಲ. ಬಟ್ಟೆಯ ರಾಶಿಯಲ್ಲಿ ಲೂಕನ ಪ್ಯಾಂಟೊಂದು ಅಂಚು ಬಿಚ್ಚಿ ಬಿದ್ದಿತ್ತು. ಸೂಜಿಗೆ ದಾರ ಪೋಣಿಸಲು ಮೊನೀಕಮ್ಮನ ಕಣ್ಣು ಸಾಲದು. ನಾನು ತೆಗೆದುಕೊಂಡು ಒಂದೇ ಸಲಕ್ಕೆ ಪೋಣಿಸಿದೆ.

ಅವರು ದಾರ ಎತ್ತಿ "ಫಿಲ್" ಅಂದರು. ನಾನೂ ಅಂದೆ. ಕತ್ತರಿ ಎತ್ತಿ "ಸಿಜೋ" ಅಂದರು. ಗುಂಡಿ ಹಿಡಿದು "ಬುತೋಂ". ನಾನು ತಪ್ಪಾಗಿ ಹೇಳಿದರೆ ಆ್ಯಪಿನ ಹಾಗೆ ಸರಿಯಿಲ್ಲ ಅನ್ನಲಿಲ್ಲ, ಸುಮ್ಮನೆ ಇನ್ನೊಂದು ಸಲ ಹೇಳಿದರು. ನಾನು ಹೇಳುವ ತನಕ ಹೊಲಿಯುತ್ತಾ ಕೂತರು. ಆಮೇಲೆ ಅವರೇ ನನ್ನ ಕಡೆ ಸೂಜಿ ಹಿಡಿದು ಹುಬ್ಬೇರಿಸಿದರು. "ಸೂಜಿ," ಅಂದೆ. "ಸೂಜೀ," ಅಂದರು. ಮಧ್ಯಾಹ್ನದ ಹೊತ್ತಿಗೆ ಪ್ಯಾಂಟಿನ ಅಂಚು ಮುಗಿದಿತ್ತು, ನನಗೆ ಆರು ಮಾತು ಬಂದಿದ್ದವು, ಅವರಿಗೆ ಐದು.

ಆಗ ನನಗೆ ತಿಳಿದದ್ದನ್ನು, ಹೀಗೆ ಹೊರಡುವ ಯಾರಿಗಾದರೂ ಉಪಯೋಗವಾಗಲಿ ಎಂದು ಹೇಳುತ್ತೇನೆ. ತಮಿಳು ತೆಲುಗು ನನಗೆ ಚೆನ್ನಾಗಿ ಬರುತ್ತದೆ, ಸಿದ್ದಾಪುರದಿಂದ ಬರುವ ಗಿರಾಕಿಗಳಿಂದ ಉರ್ದುವೂ ಒಂದಷ್ಟು ಬರುತ್ತದೆ. ಯಾವುದಕ್ಕೂ ಕೋರ್ಸ್ ಮಾಡಲಿಲ್ಲ. ತೋಳು, ಕುತ್ತಿಗೆ, ಬಿಗಿ, ಸಡಿಲ ಎಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಕಲಿತೆ. ಕಿವಿಯ ಪಾಠದ ಆ ಹೆಂಗಸು ಕೂಡ ಮೊನೀಕಮ್ಮನಂತೆ ನಾನು ಹೇಳುವ ತನಕ ಕಾಯುವವಳು. ನನ್ನ ಅಳತೆಗೆ ಇದ್ದದ್ದು ಅದು. ಭಾಗ್ಯಶ್ರೀ ನನ್ನ ಅಳತೆ ಸರಿಯಾಗಿಯೇ ತೆಗೆದಿದ್ದಳು. ಬೇರೆ ಯಾರದೋ ಅಳತೆಗೆ ಕತ್ತರಿಸಿದ್ದನ್ನು ಹಾಕಿಕೊಂಡು, ಬಿಗಿ ಆಯಿತು ಎಂದು ನಾನೇ ಬಿಚ್ಚಿಟ್ಟೆ.

ಶನಿವಾರ, ಸೀಮೆಸುಣ್ಣ

ಲತಾ, ಲೂಕ್ ಭಾನುವಾರದ ಊಟದ ಸಾಮಾನು ತರಲು ಸಂತೆಗೆ ಹೊರಟರು. ನಾನೂ ಜೊತೆಗೆ ಹೋಗಿ ನೋಡಿದೆ. ಅಲ್ಲಿ ಗಿರಾಕಿ ತರಕಾರಿ ಮುಟ್ಟಬಾರದು, ಅಂಗಡಿಯವನೇ ಆರಿಸಿ ಕೊಡುತ್ತಾನೆ. ಬೆಂಡೆಕಾಯಿಯ ತುದಿ ಮುರಿಯದೆ ಕೊಳ್ಳುವುದು ಹೇಗೆ ಎಂದು ಕೇಳಿದೆ. "ಅವನನ್ನ ನಂಬ್ಬೇಕು ಅಕ್ಕ," ಅಂದಳು ಲತಾ. ಹೇಳಿದ್ದು ತರಕಾರಿಯವನ ಬಗ್ಗೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಲು ನೋವು ಎಂದು ಹೇಳಿ ಮನೆಗೆ ಬಂದು, ಸೂಟ್‌ಕೇಸಿನ ತಳದಿಂದ ಆ ಪೇಪರಿನ ಗಂಟು ತೆಗೆದುಕೊಂಡು ಮೊನೀಕಮ್ಮನ ಮನೆಗೆ ಹೋದೆ.

ನನ್ನ ಉಪಾಯ ಏನಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಅಲ್ಲೇ ಕೂತು ಬ್ಲೌಸ್ ಹೊಲಿದು, ಕೊರಿಯರ್‌ನವರು ಈಗ ಹುಡುಕಿ ವಾಪಸ್ ಕೊಟ್ಟರು ಎಂದು ಲತಾಳ ಕೈಗಿಡುವುದು. ಆ ಸಂತೋಷದಲ್ಲಿ ಫ್ರೆಂಚಿನ ವಿಷಯವೂ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ.

ಮೊನೀಕಮ್ಮ ರೇಷ್ಮೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೋಡೆಯ ಮೇಲೆ ಆ ಮದುವೆಯ ಫೋಟೋ ಇತ್ತು. ಫೋಟೋದ ಸೀರೆಯನ್ನೂ ಕೈಯಲ್ಲಿದ್ದ ಬಟ್ಟೆಯನ್ನೂ ನೋಡಿ, "ಲತಾ?" ಅಂದರು. ತಲೆಯಾಡಿಸಿದೆ. ಅವರು ಮೇಜು ಖಾಲಿ ಮಾಡಿ, ಸೀಮೆಸುಣ್ಣದ ಚೂರು, ಕತ್ತರಿ, ಟೇಪು ಸಾಲಾಗಿ ಇಟ್ಟುಕೊಟ್ಟರು.

ಬಟ್ಟೆ ಹರವಿದೆ. ಮಡಿಸಿದ ಗೆರೆಗಳು ಒಂಬತ್ತು ವರ್ಷದಲ್ಲಿ ಬೆಳ್ಳಗಾಗಿದ್ದವು. ಸೀಮೆಸುಣ್ಣ ಕೈಗೆತ್ತಿಕೊಂಡೆ. ಗೆರೆ ಎಲ್ಲಿ ಎಳೆಯುವುದು? ಹಳೇ ಅಳತೆ ಬ್ಲೌಸು ಜರಗನಹಳ್ಳಿಯಲ್ಲಿತ್ತು, ಇದ್ದಿದ್ದರೂ ಅದು ಮೂವತ್ತೊಂದು ವರ್ಷದ ಲತಾಳದು. ನಲವತ್ತು ವರ್ಷದ ಲತಾಳ ಭುಜ ಎಷ್ಟು, ತೋಳು ಎಷ್ಟು ನನಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಹೋಗುವ ಹೆಂಗಸನ್ನು ನೋಡಿದರೆ ಅಳತೆ ಹೇಳುವವಳು ನಾನು. ಬಂದ ದಿನದಿಂದ ನನ್ನ ತಂಗಿಯನ್ನು ನೆಟ್ಟಗೆ ನೋಡಿಯೇ ಇರಲಿಲ್ಲ. ಇರುವುದು ಒಂದೇ ತುಂಡು. ತಪ್ಪಿ ಕತ್ತರಿಸಿದರೆ ಅಮ್ಮನ ಸೀರೆಗೆ ಇನ್ನೊಂದು ಸಿಗುವುದಿಲ್ಲ. ಅಳತೆ ಬೇಕೆಂದರೆ ಅವಳನ್ನು ಕೇಳಬೇಕು, ಕೇಳಬೇಕೆಂದರೆ ಹೇಳಬೇಕು.

ಸೀಮೆಸುಣ್ಣ ಕೆಳಗಿಟ್ಟೆ. ಕಣ್ಣಲ್ಲಿ ನೀರು ಬಂತು. ಮೊನೀಕಮ್ಮ ಹತ್ತಿರ ಬಂದರು. ಬಟ್ಟೆಯನ್ನು ಹಳೆಯ ಗೆರೆಗಳ ಮೇಲಲ್ಲ, ಬೇರೆ ಕಡೆಗೆ ಮಡಿಸಿ ನನ್ನ ಕೈಗೆ ಕೊಟ್ಟರು. ಬಟ್ಟೆಯ ಕೆಲಸ ತಿಳಿದವರು ಮಾತ್ರ ಹಾಗೆ ಮಡಿಸುತ್ತಾರೆ. ಅದರ ಮೇಲೆ ಟೇಪನ್ನೂ ಇಟ್ಟರು. ಹೊರಡುವಾಗ, ತಪ್ಪಾಯಿತು ಅನ್ನಲು ಏನನ್ನುತ್ತಾರೆ ಎಂದು ಕೈಮುಗಿದು, ಕಿವಿ ಹಿಡಿದು ತೋರಿಸಿ ಕೇಳಿದೆ. ಕಿವಿ ಹಿಡಿದದ್ದು ಅವರಿಗೆ ಅರ್ಥವಾಗಲಿಲ್ಲ, ಮುಖ ನೋಡಿ ಅರ್ಥವಾಯಿತು. "ಪಾರ್ದೋಂ," ಅಂದರು. ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ಭಾನುವಾರ, ಊಟದ ಮೇಜು

ಅಲ್ಲಿ ಭಾನುವಾರದ ಊಟಕ್ಕೆ ಕೂತವರು ಏಳುವುದಿಲ್ಲ. ನಮ್ಮಲ್ಲಿ ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವಷ್ಟರಲ್ಲಿ ಅವರು ಇನ್ನೂ ಮೊದಲನೆಯ ತಟ್ಟೆಯಲ್ಲೇ ಇರುತ್ತಾರೆ. ಲೂಕನ ಅಕ್ಕ, ಭಾವ, ಒಬ್ಬರು ಮುದಿ ಚಿಕ್ಕಪ್ಪ, ಎಲ್ಲರೂ ಬಂದಿದ್ದರು. ಮೊನೀಕಮ್ಮ ಇಳಕಲ್ ಸೀರೆಯನ್ನು ಶಾಲಿನ ಹಾಗೆ ಹೊದ್ದು ಮೇಜಿನ ತುದಿಯಲ್ಲಿ ಕೂತಿದ್ದರು. ಚಿಕ್ಕಪ್ಪ ಕೋಡುಬಳೆಯನ್ನು ಬೆರಳಿಗೆ ಹಾಕಿಕೊಂಡು ಎಲ್ಲರಿಗೂ ತೋರಿಸುತ್ತಿದ್ದರು. ಎಂಬತ್ತರ ಕೇಕು ಬಂದಾಗ ಲತಾ ಲೋಟಕ್ಕೆ ಚಮಚ ತಾಗಿಸಿ ಸದ್ದು ಮಾಡಿ ಏನೋ ಹೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ಹೇಳಕ್ಕ," ಅಂದಳು.

ಎದ್ದು ನಿಂತೆ. "ಬೊಂಜೂರ್," ಅಂದೆ. ನನ್ನ ಹೆಸರು ಸರೋಜ, ನಾನು ಹೊಲಿಗೆಯವಳು, ನನಗೆ ಒಬ್ಬಳು ತಂಗಿ ಇದ್ದಾಳೆ ಎಂದು ಅವರ ಭಾಷೆಯಲ್ಲಿ ಹೇಳಿದೆ. ಆ್ಯಪು ಎಂಟು ಸಲ ತಪ್ಪು ಅಂದ ವಾಕ್ಯಕ್ಕೆ ಮೇಜಿನ ಸುತ್ತ ಚಪ್ಪಾಳೆ ಬಿತ್ತು. ಇದು ಶುರು ಎಂದು ಅವರು ತಿಳಿದುಕೊಂಡರು. ನನ್ನಲ್ಲಿದ್ದದ್ದು ಅಷ್ಟೇ ಎಂದು ಲತಾಳಿಗೆ ಇನ್ನೂ ಗೊತ್ತಿರಲಿಲ್ಲ.

ಮೊನೀಕಮ್ಮನ ಹತ್ತಿರ ಹೋಗಿ "ಪಾರ್ದೋಂ" ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಕನ್ನಡದಲ್ಲಿ, "ಲತಾ, ನಾನು ಹೇಳಿದ್ದನ್ನ ಹಂಗೇ ಹೇಳು ಇವರಿಗೆ," ಅಂದೆ.

"ಯಾಕಕ್ಕ? ನೀನೇ ಹೇಳ್ತೀಯಲ್ಲ."

"ನಂಗೆ ಬರಲ್ಲ ಕಣೆ. ನಾಲ್ಕು ಪಾಠ ಮಾಡಿ ಬಿಟ್ಬಿಟ್ಟೆ. ಫೋನಲ್ಲಿ ಚೀಟಿ ನೋಡ್ಕೊಂಡು ಓದ್ದೆ. ಹೇಳು ಇವರಿಗೆ."

ಲತಾ ಕೆಂಪಾಗಿ, ಅದನ್ನು ಹಾಗೇ ಅವರಿಗೆ ಹೇಳಿದಳು. ಚಿಕ್ಕಪ್ಪ ಗಟ್ಟಿಯಾಗಿ ನಕ್ಕರು. ಲೂಕ್ ತಾನೇ ಏನೋ ಅಂದ. ಇವನೂ ಆರು ವರ್ಷದಿಂದ ಕನ್ನ​ಡ ಕಲಿಯುತ್ತಿದ್ದಾನೆ, ಎರಡನೇ ಪಾಠದಲ್ಲಿದ್ದಾನೆ ಎಂದು ಲತಾ ನನಗೆ ತಿರುಗಿಸಿ ಹೇಳಿದಳು. ಎಲ್ಲರೂ ನಕ್ಕರು. ಅಲ್ಲಿಗೇ ಕೂತುಬಿಡಬಹುದಿತ್ತು.

"ಇನ್ನೂ ಇದೆ," ಅಂದೆ. "ಹೇಳು. ಇವಳ ಮದುವೆಗೆ ಬರ್ದೇ ಇದ್ದದ್ದು ನೀವು ಇಷ್ಟ ಇಲ್ಲ ಅಂತಲ್ಲ. ನಂಗೆ ಸಿಟ್ಟಿತ್ತು. ನಾನು ಬೆಳೆಸಿದ ಮಗೂನ ನೀವು ಇಟ್ಕೊಂಡ್ಬಿಟ್ರಿ ಅಂತ. ಒಂಬತ್ತು ವರ್ಷದ ಹಿಂದೆ ಬಂದು ಹೇಳ್ಬೇಕಿದ್ದ ಮಾತು ಈಗ ಹೇಳ್ತಿದೀನಿ. ಮುದ್ದಾಗಿ ಬೆಳೆದ ಮಗು, ಇನ್ಮೇಲೆ ನಿಮ್ಮ ಮಗಳು."

ಲತಾ ಅದನ್ನೂ ಅವರ ಭಾಷೆಗೆ ತಿರುಗಿಸಿದಳು. ಅವಳ ಕೈಯನ್ನು ಹಿಡಿದು ಮೊನೀಕಮ್ಮನ ಕೈಯಲ್ಲಿಟ್ಟೆ. ಆಮೇಲೆ ಚೀಲದಿಂದ ರೇಷ್ಮೆಯನ್ನೂ ಟೇಪನ್ನೂ ತೆಗೆದು ಕೇಕಿನ ಪಕ್ಕ ಇಟ್ಟೆ. ಲತಾ ಬಟ್ಟೆ ನೋಡಿದಳು. ಗುರುತು ಹಿಡಿದಳು.

"ಇದು ಕಳೆದೋಗಿಲ್ಲ ಕಣೆ. ಯಾವ ಕೊರಿಯರಿಗೂ ಕೊಟ್ಟಿರಲಿಲ್ಲ."

ಅವಳು ಇದನ್ನು ತಿರುಗಿಸಲಿಲ್ಲ. ಲೂಕ್ ಏನು ಏನು ಎಂದು ಕೇಳುತ್ತಿದ್ದ. ಚಿಕ್ಕಪ್ಪ ಬೆರಳಿನ ಕೋಡುಬಳೆ ತೆಗೆದು ತಟ್ಟೆಯಲ್ಲಿಟ್ಟರು. ಮೊನೀಕಮ್ಮ ಲತಾಳ ಕೈಯನ್ನು ಬಿಡಲಿಲ್ಲ.

"ಬರೀ ಹುಕ್ಕು ಹಾಕೋದು ಬಾಕಿ ಅಂದಿದ್ದೆ ನೀನು," ಅಂದಳು ಲತಾ ಮೆಲ್ಲಗೆ.

"ಬಟ್ಟೆಗೆ ಕತ್ತರಿನೇ ಇಟ್ಟಿರಲಿಲ್ಲ."

ಅವಳು ಬಟ್ಟೆಯನ್ನು ಎತ್ತಿ ಮುಖಕ್ಕೆ ಹಿಡಿದುಕೊಂಡಳು. ಅತ್ತಳೋ ನಕ್ಕಳೋ ಹೇಳಲಾರೆ, ಭುಜ ಮಾತ್ರ ಅಲುಗುತ್ತಿತ್ತು. ಆ ಭುಜವನ್ನು ನಾನು ಅವತ್ತು ಮೊದಲ ಸಲ ನೆಟ್ಟಗೆ ನೋಡಿದೆ. ಅವಳು ಚಿಕ್ಕವಳಿದ್ದಾಗ ನಾನು ಕರೆಯುತ್ತಿದ್ದ, ಒಂಬತ್ತು ವರ್ಷದಿಂದ ಕರೆಯದ ಹೆಸರು ಬಾಯಿಗೆ ಬಂತು.

"ತಪ್ಪಾಯ್ತು ಪುಟ್ಟಿ. ಅಪ್ಪಂದಲ್ಲ, ಯಾರದ್ದೂ ಅಲ್ಲ, ನಂದೇ ತಪ್ಪು. ನನ್ನ ಕ್ಷಮಿಸು. ಎದ್ದು ನಿಂತ್ಕೋ, ಅಳತೆ ಕೊಡು."